ಚರ್ಚಿನೊಳಗೆ ಅಟ್ಟ ಹಾಕದೆ ಜಾಗ ಹೆಚ್ಚಿಸಿದ ಲೆಕ್ಕ

ಅಂಗಡಿಯವರಿಗೆ ಬೇಕಿದ್ದದ್ದು 1,200 ಚದರ ಮೀಟರ್. ಸಿಕ್ಕಿದ ಕಟ್ಟಡದಲ್ಲಿ ಇದ್ದದ್ದು 750. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ 13ನೇ ಶತಮಾನದ ಗಾಥಿಕ್ ಚರ್ಚೊಂದನ್ನು ಪುಸ್ತಕದಂಗಡಿ ಮಾಡಹೊರಟಾಗ ಎದುರಾದ ಮೊದಲ ತೊಡಕು ಇದು. ಅರ್ಧ ಎತ್ತರಕ್ಕೆ ಉದ್ದಕ್ಕೂ ಒಂದು ಅಟ್ಟ ಹಾಕಿಬಿಡೋಣ ಅನ್ನುವುದು ಯಾರಿಗಾದರೂ ಹೊಳೆಯುವ ಉಪಾಯ. ಅಂಗಡಿಯವರಿಗೂ ಅದೇ ಹೊಳೆದಿತ್ತು. ಮರ್ಕ್ಸ್ ಪ್ಲಸ್ ಗಿರೋದ್ ಸಂಸ್ಥೆಯ ವಾಸ್ತುಶಿಲ್ಪಿಗಳು ಒಪ್ಪಲಿಲ್ಲ.

ಅವರು ಒಪ್ಪದೇ ಇದ್ದದ್ದು ಯಾಕೆ ಸರಿ ಎಂದು ತಿಳಿಯಲು ಕಟ್ಟಡದ ಸ್ವಭಾವ ತಿಳಿಯಬೇಕು. 1294ರಲ್ಲಿ ಪ್ರತಿಷ್ಠೆಯಾದ ಇದು ಡೊಮಿನಿಕನ್ ಸನ್ಯಾಸಿಗಳ ಚರ್ಚು. ಭಿಕ್ಷೆ ಬೇಡಿ ಬದುಕುತ್ತ ಊರೂರಲ್ಲಿ ಬೋಧಿಸುತ್ತಿದ್ದ ಪಂಥ. ಚರ್ಚಿನ ಗೋಡೆ 30 ಅಡಿ ಮೀರಬಾರದು, ಗಾಯಕವೃಂದದ ಜಾಗ ಮತ್ತು ವಸ್ತ್ರಕೋಣೆಯ ಮೇಲಲ್ಲದೆ ಬೇರೆಲ್ಲೂ ಕಲ್ಲಿನ ಕಮಾನು ಚಾವಣಿ ಕೂಡದು ಎಂದು ಅವರ ಆರಂಭದ ನಿಯಮಾವಳಿಯಲ್ಲಿತ್ತು. ಮಾಸ್ಟ್ರಿಕ್ಟ್‌ನ ಚರ್ಚು ಕಟ್ಟುವ ಹೊತ್ತಿಗೆ ಆ ಬಿಗಿ ಸಡಿಲಗೊಂಡಿತ್ತೆಂಬುದು ತಲೆಯೆತ್ತಿ ನೋಡಿದರೆ ಗೊತ್ತಾಗುತ್ತದೆ. ಆದರೂ ಬಡತನದ ಗುರುತು ಉಳಿದಿದೆ: ದೊಡ್ಡ ಗೋಪುರವಿಲ್ಲ, ನಕ್ಷೆಯಲ್ಲಿ ಅಡ್ಡ ತೋಳುಗಳಿಲ್ಲ. ಬೋಧನೆ ಕೇಳಲು ಬಂದವರು ನಿಲ್ಲುವ ಉದ್ದನೆಯ ನಡುಮಂಟಪ, ಎರಡು ಬದಿಗೆ ಪಕ್ಕಸಾಲು, ಅಷ್ಟೆ.

ಗಾಥಿಕ್ ಕಟ್ಟಡದಲ್ಲಿ ಚಾವಣಿಯ ಭಾರ ಪಕ್ಕೆಲುಬಿನಂಥ ಕಮಾನುಗಳ ಮೂಲಕ ಕಂಬಗಳಿಗೂ ಹೊರಗಿನ ಆಸರೆಗೋಡೆಗಳಿಗೂ ಹೋಗುತ್ತದೆ. ಕಂಬದ ಕಲ್ಲು ಒತ್ತಡ ತಾಳುತ್ತದೆ, ಬಾಗಿಸಿದರೆ ತಾಳುವುದಿಲ್ಲ. ಅಟ್ಟದ ತೊಲೆಯನ್ನು ಕಂಬದ ನಡುವಿಗೆ ಕೊರೆದು ಕೂರಿಸಿದರೆ ಅಲ್ಲಿ ಭಾರ ಓರೆಯಾಗಿ ಬೀಳುತ್ತದೆ. ಅಡಿಪಾಯದ್ದು ಇನ್ನೊಂದು ಕತೆ. ಏಳುನೂರು ವರ್ಷ ಕೂತು ಹದಗೊಂಡ ಮಣ್ಣಿನ ಮೇಲೆ ಒಂದು ಕಡೆ ಹೊಸ ಭಾರ ಹೇರಿದರೆ ಅಲ್ಲಿಯ ಕಂಬ ಸ್ವಲ್ಪ ಕುಸಿಯುತ್ತದೆ, ಬಿರುಕು ಕಾಣಿಸುವುದು ಮಾತ್ರ ತೀರಾ ಮೇಲೆ, ಚಾವಣಿಯಲ್ಲಿ.

ಪುಸ್ತಕದ ಭಾರವನ್ನು ಹಗುರವಾಗಿ ಎಣಿಸುವವರೇ ಹೆಚ್ಚು. ಕಪಾಟಿನ ಒಂದು ಮೀಟರ್ ಹಲಗೆ ತುಂಬ ಪುಸ್ತಕವಿಟ್ಟರೆ ಸುಮಾರು 30 ಕಿಲೋ. ಏಳು ಹಲಗೆಯ ಕಪಾಟು ಎರಡೂ ಬದಿಗೆ ಇದ್ದರೆ 420 ಕಿಲೋ. ಅದನ್ನೇ ಮೂರು ಅಂತಸ್ತು ಏರಿಸಿ: ಉದ್ದದ ಪ್ರತಿ ಮೀಟರಿಗೆ 1,260 ಕಿಲೋ. ಉಕ್ಕಿನ ತೂಕ, ಮೆಟ್ಟಿಲ ಮೇಲೆ ನಿಂತ ಜನ ಇದರಲ್ಲಿ ಸೇರಿಲ್ಲ.

ಹಾಗಾಗಿ ಅಟ್ಟದ ಬದಲು ಕಪಾಟನ್ನೇ ಮನೆಯಷ್ಟು ದೊಡ್ಡದು ಮಾಡಿದರು. ಮನುಷ್ಯರು ಒಳಹೊಕ್ಕು ಹತ್ತಿ ಓಡಾಡಬಹುದಾದ, ಕಂಬಗಳಿಗೆ ಆತುಕೊಳ್ಳದೆ ತಾನೇ ನಿಂತ ಕಪ್ಪು ಉಕ್ಕಿನ ಕಪಾಟು, ಚರ್ಚಿನ ಒಂದೇ ಬದಿಗೆ. ಇನ್ನೊಂದು ಬದಿಯಲ್ಲಿ ತಗ್ಗಿನ ಕಪಾಟು, ಮೇಜುಗಳಷ್ಟೇ ಇರುವುದರಿಂದ ನೆಲದಿಂದ ಚಾವಣಿಯವರೆಗಿನ ಪೂರ್ತಿ ಎತ್ತರ ಕಣ್ಣಿಗೆ ಸಿಗುತ್ತದೆ. ಎರಡೂ ಬದಿಗೆ ಸಮನಾಗಿ ಹಂಚಿದ್ದರೆ ನಡುವೆ ಉಳಿಯುತ್ತಿದ್ದದ್ದು ಒಂದು ಓಣಿ. ಬೆಳಕನ್ನು ಕಪಾಟಿನೊಳಗೇ ಅಡಗಿಸಿದರು. ಉಗ್ರಾಣ, ಶೌಚಾಲಯ ನೆಲಮಾಳಿಗೆಗೆ ಹೋದವು. ಹಿಂದೆ ಪೂಜಾವೇದಿಯಿದ್ದ ತುದಿಯಲ್ಲಿ ಈಗ ಕಾಫಿ, ಅಲ್ಲಿ ಶಿಲುಬೆಯಾಕಾರದ ಮೇಜು. ಇಡೀ ಕೆಲಸದಲ್ಲಿ ಅತಿಯಾದದ್ದು ಅದೊಂದೇ.

ಇವೆಲ್ಲಕ್ಕಿಂತ ನಾಜೂಕಾದದ್ದು ಬಣ್ಣ. ಗೋಡೆಯ ಮೇಲೆ ಸಂತ ಥಾಮಸ್ ಅಕ್ವಿನಾಸ್ ಬದುಕಿನ ಚಿತ್ರವಿದೆ, ಬರೆದದ್ದು 1337ರಲ್ಲಿ. ಆತನಿಗೆ ಸಂತಪದವಿ ಸಿಕ್ಕಿ ಆಗ ಇನ್ನೂ 14 ವರ್ಷ. ಚಾವಣಿಯಲ್ಲಿ ಯಾನ್ ವಾಸೆನ್ಸ್ 1619ರಲ್ಲಿ ಬಿಡಿಸಿದ ಚಿತ್ರಗಳಿವೆ. 1794ರಲ್ಲಿ ಫ್ರೆಂಚ್ ಸೇನೆ ಊರನ್ನು ಹಿಡಿದ ಮೇಲೆ ಸನ್ಯಾಸಿಗಳು ಹೊರಬಿದ್ದರು, ಚರ್ಚು ಲಾಯ, ಉಗ್ರಾಣವಾಯಿತು. ಮುಂದೆ ಕಾರ್ನಿವಲ್ ಕುಣಿತ, ಬಾಕ್ಸಿಂಗ್, ಕೊನೆಗೆ ಸೈಕಲ್ ನಿಲ್ದಾಣ.

ಕುದುರೆ ಕಟ್ಟಿದ ಹಳೆಯ ಕಟ್ಟಡ ಎಂದರೆ ಜೀರ್ಣೋದ್ಧಾರ ಮಾಡುವವರು ಮೊದಲು ಹುಡುಕುವುದು ಪೆಟ್ಲುಪ್ಪು, ಅಂದರೆ ನೈಟ್ರೇಟ್ ಲವಣ. ಗಂಜಳದ ನೈಟ್ರೇಟ್ ಗೋಡೆಗೆ ಇಳಿದು ಶತಮಾನಗಟ್ಟಲೆ ಅಲ್ಲೇ ಇರುತ್ತದೆ. ಗಾಳಿಯ ತೇವ ಹೆಚ್ಚಿದಾಗ ಕರಗುತ್ತದೆ, ಒಣಗಿದಾಗ ಹರಳಾಗುತ್ತದೆ. ಕ್ಯಾಲ್ಸಿಯಂ ನೈಟ್ರೇಟಿಗೆ ಆ ಗಡಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 54ರ ಆಸುಪಾಸಿನ ಸಾಪೇಕ್ಷ ತೇವ. ಪ್ರತಿ ಸಲ ಹರಳುಗಟ್ಟಿದಾಗಲೂ ಗಾರೆಯ ರಂಧ್ರಗಳನ್ನು ಒಳಗಿಂದ ಒತ್ತಿ ಬಣ್ಣದ ಪದರವನ್ನು ಪುಡಿಯಾಗಿ ಉದುರಿಸುತ್ತದೆ. ಚಳಿಗಾಲದಲ್ಲಿ ಗಿರಾಕಿಗಳಿಗಾಗಿ ಬೆಳಿಗ್ಗೆ ಜೋರಾಗಿ ಬಿಸಿಮಾಡಿ ರಾತ್ರಿ ಆರಿಸುವ ಅಂಗಡಿ ಈ ಗಡಿಯನ್ನು ದಿನಕ್ಕೆರಡು ಸಲ ದಾಟಬಹುದು. ಬಿಸಿಗಾಳಿ ಊದುವ ಯಂತ್ರವಂತೂ ಎತ್ತರದ ಕಟ್ಟಡಕ್ಕೆ ದಂಡ: ಬಿಸಿಯೆಲ್ಲ ಚಾವಣಿಗೆ ಏರಿ, ಕೆಳಗೆ ಕಾಲು ತಣ್ಣಗೇ ಇರುತ್ತದೆ, ಮೇಲೇಳುವ ಧೂಳು ಚಿತ್ರಗಳಿಗೆ ಮೆತ್ತುತ್ತದೆ. ಇಲ್ಲಿ ಹಾಕಿದ್ದು ನೆಲದೊಳಗಿನ ಬಿಸಿ. ಅದು ನಿಧಾನಕ್ಕೆ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ, ಜನ ನಿಲ್ಲುವ ಎತ್ತರದಲ್ಲೇ ಬೆಚ್ಚಗಿಡುತ್ತದೆ. ಅಡಿಯಲ್ಲಿ ಸಮಾಧಿಗಳಿರುವ ಹಳೆಯ ಚರ್ಚಿನ ನೆಲ ಅಗೆಯುವುದಾದರೆ ಪುರಾತತ್ವದವರ ಕೆಲಸ ಮೊದಲು ಮುಗಿಯಬೇಕು. ಆ ದಿನಗಳನ್ನು ವೇಳಾಪಟ್ಟಿಗೆ ಸೇರಿಸದವರು ಪೇಚಿಗೆ ಬೀಳುತ್ತಾರೆ.

ಹಳೆಯ ಕಟ್ಟಡವನ್ನು ಸಮಾಜಕ್ಕೆ ಉಪಯೋಗವಾಗುವಂತೆ ಬಳಸುವುದು ಒಳ್ಳೆಯದೇ, ಆದರೆ ಅದರ ವಿನ್ಯಾಸವನ್ನೂ ಅಲಂಕಾರವನ್ನೂ ಬದಲಿಸಬಾರದು ಎನ್ನುತ್ತದೆ ಸ್ಮಾರಕಗಳ ಸಂರಕ್ಷಣೆ ಕುರಿತ ಅಂತರರಾಷ್ಟ್ರೀಯ ದಾಖಲೆಯಾದ 1964ರ ವೆನಿಸ್ ಸನ್ನದಿನ 5ನೇ ವಿಧಿ. ಕಾಗದದ ಮೇಲೆ ಸುಲಭ. ಇಲ್ಲಿ ಅಂಗಡಿ ಸೆಲೆಕ್ಸಿಸ್ ಎಂಬ ಪುಸ್ತಕದಂಗಡಿ ಸರಣಿಯ ಹೆಸರಲ್ಲಿ ಶುರುವಾಗಿ, ಆ ಸರಣಿ ದಿವಾಳಿಯಾಗಿ, ನಂತರ ಬಂದ ಪೊಲಾರೆಯೂ 2014ರಲ್ಲಿ ದಿವಾಳಿಯಾಯಿತು. ಆಗ ಜನರಿಂದ 1,00,000 ಯೂರೋ ಎತ್ತಿ ಅಂಗಡಿ ಸ್ವತಂತ್ರವಾಗಿ ಮುಂದುವರಿಯಿತು. ಮಾಲೀಕರು ಬದಲಾದರೂ ಉಕ್ಕಿನ ಕಪಾಟು ನಿಂತಲ್ಲೇ ನಿಂತಿದೆ.