33 ಸಲ ರೇಡಿಯೇಷನ್
ಅಪ್ಪಯ್ಯನಿಗೆ ಬಾಯಿ ಕ್ಯಾನ್ಸರ್. ವಾರಕ್ಕೆ 5 ದಿನದಂತೆ 33 ಸಲ ರೇಡಿಯೇಷನ್. ಯಂತ್ರದ ಕೆಳಗೆ ಮಲಗುವುದು ಹದಿನೈದೇ ನಿಮಿಷ. ಅದಕ್ಕಾಗಿ ಶಿರಸಿಯಿಂದ ದಿನಾ ಹುಬ್ಬಳ್ಳಿಗೆ ಹೋಗಿ ಬರಲಾದೀತಾ? ರೂಮು ಹಿಡಿದೆವು.

ಮೊದಲು ಬಿಳಿ ಪ್ಲಾಸ್ಟಿಕ್ ಜಾಲರಿಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಮುಖಕ್ಕೆ ಒತ್ತಿ ಅಚ್ಚು ತೆಗೆದರು. ತಲೆ ಅಲುಗಬಾರದು ಅಲ್ವಾ, ಅದಕ್ಕೆ. ದಿನಾ ಅದನ್ನೇ ಹಾಕಿ ಮಂಚಕ್ಕೆ ಬಿಗಿಯುತ್ತಿದ್ದರು. ಹೊರಗೆ ಬಂದಾಗ ಅಪ್ಪಯ್ಯನ ಕೆನ್ನೆಯ ಮೇಲೆಲ್ಲ ಜಾಲರಿಯ ಗುರುತು. ನಾಲ್ಕನೇ ವಾರಕ್ಕೆ ಬಾಯಿ ತುಂಬ ಹುಣ್ಣು, ಗಂಜಿ ತಿಳಿಯೂ ಇಳಿಯದು.

ಬಿಪಿಎಲ್ ಕಾರ್ಡಿದ್ದರೆ ಸರ್ಕಾರದ ಆರೋಗ್ಯ ಯೋಜನೆ ಆಯುಷ್ಮಾನ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ನಮ್ಮದು ಎಪಿಎಲ್, ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ. ಒಂದೆಕರೆ ಅಡಿಕೆ ತೋಟದವರು ಉಳಿದದ್ದನ್ನು ಎಲ್ಲಿಂದ ತರಬೇಕು? ಸೊಸೈಟಿಯಲ್ಲಿ ಸಾಲ ಮಾಡಿದೆವು. ರೂಮು ಬಾಡಿಗೆ, ಎಳನೀರಿನ ಖರ್ಚೇ ಬೇರೆ. ಶಿರಸಿಯಲ್ಲೇ ಒಂದು ಯಂತ್ರ ಇದ್ದಿದ್ದರೆ ಅಷ್ಟೂ ರಾತ್ರಿ ಅಪ್ಪಯ್ಯ ಮನೆಯಲ್ಲೇ ಮಲಗಬಹುದಿತ್ತು.