ಸ್ಪಿತಿಗೆ ಹೊರಟಿದ್ದೀರಾ? ದುಡ್ಡು ಕಟ್ಟುವ ಮೊದಲು ಕುಂಜುಮ್ ಹೆಸರು ಬರೆಸಿಕೊಳ್ಳಿ

ಹಿಮಾಚಲದ ಸ್ಪಿತಿ ಕಣಿವೆಯ ಕಾಜಾದಲ್ಲಿ ಬೆಳಿಗ್ಗೆ ಐದೂವರೆಗೆ ಬ್ಯಾಗುಗಳನ್ನು ಕಾರಿಗೆ ತುಂಬುತ್ತಿದ್ದೆವು. ಡ್ರೈವರ್ ಹುಡುಗ ಬಂದು, "ಸರ್, ಇವತ್ತು ಕಲ್ಪಾದಲ್ಲಿ ಉಳಿಯೋದಾ, ಇನ್ನೂ ಕೆಳಗೆ ಇಳಿಯೋದಾ?" ಅಂತ ಕೇಳಿದ. ನಮಗೆ ದಿಕ್ಕೇ ತೋಚಲಿಲ್ಲ. ಕಲ್ಪಾ ಇರುವುದು ನಾವು ಬಂದ ಶಿಮ್ಲಾ ದಾರಿಯಲ್ಲಿ. ಅವತ್ತು ನಾವು ಕುಂಜುಮ್ ಪಾಸ್ ಅನ್ನುವ ಎತ್ತರದ ಘಾಟಿ ದಾಟಿ ಮನಾಲಿ ಸೇರಬೇಕಿತ್ತು. ಮರುದಿನ ಸಂಜೆ ಅಲ್ಲಿಂದ ದೆಹಲಿಗೆ ಬಸ್ ಟಿಕೆಟ್ ಆಗಿತ್ತು.

ಏಜೆಂಟ್ ಫೋನಿನಲ್ಲಿ ನಮಗೆ ಹೇಳಿದ್ದು "ಫುಲ್ ಸರ್ಕ್ಯೂಟ್" ಅಂತ, ಅಂದರೆ ಶಿಮ್ಲಾ ಕಡೆಯಿಂದ ಹತ್ತಿ ಮನಾಲಿ ಕಡೆ ಇಳಿಯುವುದು. ಹುಡುಗನಿಗೆ ಹೇಳಿದ್ದು ಕಾಜಾ ತನಕ ಹೋಗಿ ಬಾ ಅಂತ. ಎತ್ತರದ ಗಾಡಿ ಕೊಡ್ತೀನಿ ಅಂದವರು ಶಿಮ್ಲಾದಲ್ಲಿ ಸೆಡಾನ್ ನಿಲ್ಲಿಸಿದಾಗಲೇ ನಾವು ಜಗಳ ಮಾಡಬೇಕಿತ್ತು, ಸುಮ್ನೆ ಹತ್ತಿ ಕೂತೆವು. ಕಾಜಾದಿಂದ ಫೋನ್ ಮಾಡಿದರೆ, ಕುಂಜುಮ್ ಆಚೆಯ ಬಾತಲ್ ರಸ್ತೆಗೆ ಆ ಕಾರು ಹೋಗಲ್ಲ ಅಂದುಬಿಟ್ಟರು. ಕೊನೆಗೆ ಅಲ್ಲೇ ಒಂದು ಜೀಪು ಹಿಡಿದು ಬೇರೆ 12,000 ರೂಪಾಯಿ ಕೊಟ್ಟೆವು. ಹುಡುಗನದೇನೂ ತಪ್ಪಿಲ್ಲ. ಕಿನ್ನೌರಿನಲ್ಲಿ ಮನೆಗೆಂದು ಕೊಂಡಿದ್ದ ಸೇಬಿನಲ್ಲಿ ಒಂದು ಚೀಲ ನಮ್ಮ ಜೀಪಿನಲ್ಲಿಟ್ಟು, ಖಾಲಿ ಕಾರು ತಿರುಗಿಸಿಕೊಂಡು ಹೋದ.

ಅದಕ್ಕೇ ಹೇಳುತ್ತಿದ್ದೇನೆ. ಬರೀ "ಸ್ಪಿತಿ ಟೂರ್" ಅಂದರೆ ಸಾಲದು. ಕಾಜಾದಿಂದ ಮನಾಲಿಗೆ ಹೋಗುವಾಗ ಸಾಲಾಗಿ ಸಿಗುವ ಲೋಸರ್, ಕುಂಜುಮ್, ಬಾತಲ್, ಗ್ರಾಂಫೂ, ಈ ನಾಲ್ಕು ಹೆಸರನ್ನೂ ಗಾಡಿಯ ಮಾಡೆಲನ್ನೂ ವಾಟ್ಸ್ಯಾಪಿನಲ್ಲಿ ಬರೆಸಿಕೊಂಡ ಮೇಲೆಯೇ ಅಡ್ವಾನ್ಸ್ ಕಳಿಸಿ.

ಇನ್ನೊಂದು ಮಾತು. ಶಿಮ್ಲಾ ಕಡೆಯಿಂದಲೇ ಹತ್ತಿ. ದಾರಿ ಉದ್ದ ನಿಜ, ಆದರೆ ಕಲ್ಪಾ, ನಾಕೋ, ತಾಬೋ ಅಂತ ಒಂದೊಂದು ರಾತ್ರಿ ಉಳಿಯುತ್ತಾ ಹೋದರೆ ಮೈ ಒಗ್ಗಿಕೊಳ್ಳುತ್ತದೆ. ಮನಾಲಿ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ಅಲ್ಲಿಂದ ಹೊರಟರೆ ಅದೇ ದಿನ 4,551 ಮೀಟರಿನ ಕುಂಜುಮ್ ಹತ್ತಬೇಕು. ಕಾಜಾದ ನಮ್ಮ ಲಾಡ್ಜಿನಲ್ಲಿ ಹಾಗೆ ಬಂದಿದ್ದ ಪುಣೆಯ ಒಂದು ಕುಟುಂಬ ಎರಡು ದಿನ ತಲೆನೋವು, ವಾಂತಿಯಲ್ಲಿ ಮಲಗಿಯೇ ಕಳೆಯಿತು. ಆ ಲಾಡ್ಜೂ ಅಷ್ಟೆ. 3,500 ರೂಪಾಯಿ ಬಾಡಿಗೆ, ಬಿಸಿನೀರು ಒಂದೇ ಬಕೆಟ್.

ನನ್ನ ಕೇಳಿದರೆ ಕಾಜಾದ ಒಂದು ರಾತ್ರಿ ಕಡಿಮೆ ಮಾಡಿ ತಾಬೋಗೆ ಕೊಡಿ. ಕ್ರಿ.ಶ. 996ರಲ್ಲಿ ಕಟ್ಟಿದ ಬೌದ್ಧ ಮಠ ಅಲ್ಲಿದೆ. ಹೊರಗಿನಿಂದ ನೋಡಿದರೆ ಬರೀ ಮಣ್ಣಿನ ಗೋಡೆ. ಒಳಗೆ ಕತ್ತಲು. ಎರಡು ನಿಮಿಷ ಸುಮ್ಮನೆ ನಿಂತರೆ ಗೋಡೆಯಿಂದ ಒಂದೊಂದೇ ಮಣ್ಣಿನ ಮೂರ್ತಿ ಎದ್ದು ಬರುತ್ತದೆ, ಅದರ ಹಿಂದಿನ ಬಣ್ಣದ ಚಿತ್ರಗಳು ಆಮೇಲೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಅದೇ ಒಳ್ಳೆಯದು. ಒಂದು ಸಣ್ಣ ಟಾರ್ಚ್ ಇಟ್ಟುಕೊಂಡಿರಿ.

ಮಠದಿಂದ ಹೊರಬಂದರೆ ನಾಲ್ಕೇ ಟೇಬಲಿನ ಒಂದು ಹೋಟೆಲ್ಲಿದೆ, ಬೋರ್ಡು ಕೂಡ ಇಲ್ಲ. ಅಲ್ಲಿ ಥೆಂತುಕ್ ತಿನ್ನಿ. ಅಜ್ಜಿಯೊಬ್ಬರು ಗೋಧಿ ಹಿಟ್ಟನ್ನು ಉದ್ದಕ್ಕೆ ಎಳೆದು, ಹೆಬ್ಬೆರಳಿನಿಂದ ಚಟಚಟ ಹರಿದು, ಕುದಿಯುವ ಸಾರಿಗೆ ಹಾಕುತ್ತಿದ್ದರು. ಒಂದು ಚೂರೂ ಗಂಟಾಗಲಿಲ್ಲ. ಪಾಲಕ್, ಮೂಲಂಗಿ, ಬೆಳ್ಳುಳ್ಳಿ, ಅಷ್ಟೇ. ಜೊತೆಗೆ ಕೆಂಪು ಮೆಣಸಿನಕಾಯಿ ಚಟ್ನಿ, ಥೇಟ್ ನಮ್ಮ ಧಾರವಾಡ ಕಡೆಯ ರಂಜಕ! ದೊಡ್ಡ ಬಟ್ಟಲಿಗೆ 80 ರೂಪಾಯಿ. ಚಟ್ನಿ ಇನ್ನೊಂಚೂರು ಕೇಳಿದ್ದಕ್ಕೆ ಅಜ್ಜಿ ನಕ್ಕು ಡಬ್ಬಿಯನ್ನೇ ತಂದಿಟ್ಟರು. ಎರಡು ದಿನದಲ್ಲಿ ಮೂರು ಸಲ ಹೋದೆವು. ಕಾಜಾದ ಕೆಫೆಗಳಲ್ಲಿ ಇದಕ್ಕಿಂತ ಮೂರು ಪಟ್ಟು ಕೊಟ್ಟು ತಿಂದರೂ ಈ ರುಚಿ ಸಿಗಲಿಲ್ಲ.

ಹಿಕ್ಕಿಮ್‌ನ ಎತ್ತರಕ್ಕೆ ಹೆಸರಾದ ಪೋಸ್ಟ್ ಆಫೀಸಿನ ಮುಂದೆ ಜನ ಜಾಸ್ತಿ, ನನಗೆ ಹಿಡಿಸಲಿಲ್ಲ. ಹತ್ತಿರದ ಲಾಂಗ್ಜಾ ಹಳ್ಳಿಗೆ ಮಾತ್ರ ತಪ್ಪದೆ ಹೋಗಿ. ಸಂಜೆ ಐದರ ಮೇಲೆ ಅಲ್ಲಿ ನಾವು, ಯಾಕ್‌ಗಳು, ಎದುರಿಗೆ ಹಿಮದ ಬೆಟ್ಟ, ಬೇರೆ ಯಾರೂ ಇರಲಿಲ್ಲ. ಸುರುಳಿ ಅಚ್ಚಿರುವ ಕಲ್ಲುಗಳನ್ನು ಮಾರಲು ಬಂದರೆ ಕೊಳ್ಳಬೇಡಿ. ಈ ಬೆಟ್ಟ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು ಅನ್ನುವುದಕ್ಕೆ ಉಳಿದಿರುವ ಗುರುತು ಅವು. ಅಲ್ಲೇ ಇರಲಿ.

ಬಾತಲ್‌ನಿಂದ ಗ್ರಾಂಫೂ ತನಕ 50 ಕಿಲೋಮೀಟರ್ ಆಸುಪಾಸು. ನಮಗೆ ನಾಲ್ಕೂವರೆ ಗಂಟೆ ಬೇಕಾಯಿತು. ಹೆಚ್ಚಿನ ಕಡೆ ಟಾರಿಲ್ಲ, ಉರುಟು ಕಲ್ಲು, ಮಧ್ಯೆ ರಸ್ತೆಯ ಮೇಲೇ ಹರಿಯುವ ತೊರೆಗಳು. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಏರುತ್ತದೆ. ನಮ್ಮದು ಗಾಡಿ ಹುಡುಕುವುದರಲ್ಲೇ ಎಂಟು ಗಂಟೆಯಾಗಿತ್ತು. ಒಂದು ತೊರೆಯಲ್ಲಿ ನೀರು ಜೀಪಿನ ಬಾಗಿಲಿನ ತಳಕ್ಕೆ ತಾಗಿತು, ನನ್ನ ಹೆಂಡತಿ ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಂಡಳು. ಸೆಪ್ಟೆಂಬರಿನಲ್ಲೇ ಹೀಗಾದರೆ ಜುಲೈನಲ್ಲಿ ಹೇಗಿರಬೇಕು? ಕಾಜಾವನ್ನು ಆರು ಗಂಟೆಯೊಳಗೆ ಬಿಡಿ. ಹಿಂದಿನ ರಾತ್ರಿಯೇ ಅಲ್ಲಿನ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಬಾತಲ್ ದಾರಿಯಲ್ಲಿ ಬಂಕಿಲ್ಲ. ಮತ್ತೆ ಮೊಣಕಾಲು, ಸೊಂಟದ ನೋವಿರುವ ಹಿರಿಯರಿದ್ದರೆ ಕುಂಜುಮ್ ಆಸೆ ಬಿಟ್ಟು, ಬಂದ ದಾರಿಯಲ್ಲೇ ಶಿಮ್ಲಾಕ್ಕೆ ಇಳಿಯಿರಿ. ತಾಬೋದಲ್ಲಿ ಇನ್ನೊಂದು ಊಟವಾದರೂ ಸಿಗುತ್ತದೆ.