ತೀರ್ಥನ್ ಕಣಿವೆಯಲ್ಲಿ ಅಕ್ಟೋಬರ್: ಸಣ್ಣ ಹಳ್ಳದ ಟ್ರೌಟ್ ಹುಡುಕಿ ಹೋಗುವವರಿಗೆ

ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಗೆ ಟ್ರೌಟ್ ಅನ್ನುವ ತಣ್ಣೀರಿನ ಮೀನು ಹಿಡಿಯೋಕೆ ಹೋಗಬೇಕು ಅಂತಿದ್ದರೆ ಮೊದಲು ಕ್ಯಾಲೆಂಡರ್ ನೋಡಿ, ಟಿಕೆಟ್ ಆಮೇಲೆ. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಅಲ್ಲಿನ ಟ್ರೌಟ್ ನೀರಿಗೆ ಗಾಳ ಹಾಕುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ಜುಲೈ, ಆಗಸ್ಟ್‌ನಲ್ಲಿ ಹೋದರೆ ಹೊಳೆ ಕದಡಿ ಹರಿಯುತ್ತಿರುತ್ತದೆ, ಗುಡ್ಡ ಕುಸಿದು ರಸ್ತೆ ಯಾವಾಗ ಮುಚ್ಚುತ್ತದೋ ಗೊತ್ತಾಗಲ್ಲ. ಉಳಿಯುವುದು ಮಾರ್ಚ್‌ನಿಂದ ಜೂನ್, ಆಮೇಲೆ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್. ನನ್ನನ್ನು ಕೇಳಿದರೆ ಅಕ್ಟೋಬರ್ ಮೊದಲ ಎರಡು ವಾರ. ನೀರು ತಿಳಿಯಾಗಿ ಇಳಿದಿರುತ್ತದೆ, ಹಗಲು ಬೆಚ್ಚಗಿರುತ್ತದೆ, ಮೀನುಗಳೂ ಚಳಿಗಾಲಕ್ಕೆ ಮುಂಚೆ ಚೆನ್ನಾಗಿ ಮೇಯುತ್ತಿರುತ್ತವೆ.

ದಸರಾ ರಜೆ ಇದೆಯಲ್ಲ, ಆಗಲೇ ಹೋಗೋಣ ಅಂತ ಅನ್ನಿಸುವುದು ಸಹಜ. ಆದರೆ ಕುಲ್ಲು ದಸರಾ ಶುರುವಾಗುವುದೇ ವಿಜಯದಶಮಿಯ ದಿನ. ನಮ್ಮಲ್ಲಿ ಜಂಬೂ ಸವಾರಿ ಮುಗಿಯುವ ಹೊತ್ತಿಗೆ ಅಲ್ಲಿ ಊರೂರಿನ ದೇವರುಗಳು ಕುಲ್ಲು ಮೈದಾನಕ್ಕೆ ಬಂದು ಇಳಿಯುತ್ತಿರುತ್ತಾರೆ. ಒಂದು ವಾರದ ಜಾತ್ರೆ. ನೋಡಲೇಬೇಕಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವಾರ ಬಸ್ಸು, ರೂಮು ಎರಡಕ್ಕೂ ಒದ್ದಾಡಬೇಕು. ಮೀನೇ ಮುಖ್ಯ ಅನ್ನುವವರು ಅದನ್ನು ಬಿಟ್ಟು ಹಿಂದೆಯೋ ಮುಂದೆಯೋ ಇಟ್ಟುಕೊಳ್ಳಿ.

ದಾರಿ ಸುಲಭ. ದೆಹಲಿಯಿಂದ ಮನಾಲಿಗೆ ಹೋಗುವ ರಾತ್ರಿ ಬಸ್ ಹತ್ತಿ, ಔಟ್ ಅನ್ನುವ ಊರಿನ ಸುರಂಗಕ್ಕೆ ಮುಂಚೆ ಇಳಿದುಕೊಳ್ಳಬೇಕು. ಹನ್ನೆರಡು, ಹದಿಮೂರು ಗಂಟೆ ಹಿಡಿಯುತ್ತದೆ. ಕಂಡಕ್ಟರ್‌ಗೆ ರಾತ್ರಿಯೇ ಹೇಳಿಟ್ಟಿರಿ, ಬೆಳಿಗ್ಗೆ ನಿದ್ದೆಗಣ್ಣಲ್ಲಿ ಸುರಂಗ ದಾಟಿದರೆ ಭುಂತರ್‌ಗೆ ಹೋಗಿಬಿಡುತ್ತೀರಿ. ಔಟ್‌ನಿಂದ ಲಾರ್ಜಿ, ಅಲ್ಲಿಂದ ತೀರ್ಥನ್ ಹೊಳೆಯ ಪಕ್ಕದಲ್ಲೇ ಹೋದರೆ ಬಂಜಾರ್. ಲಾರ್ಜಿಯಲ್ಲಿ ತೀರ್ಥನ್ ಹೋಗಿ ಬಿಯಾಸ್ ಸೇರುತ್ತದೆ. ಬಂಜಾರ್ ಆಚೆ ರಸ್ತೆ ಎರಡಾಗುತ್ತದೆ. ಒಂದು ಜಿಭಿ, ಜಲೋರಿ ಪಾಸ್ ಕಡೆಗೆ, ಇನ್ನೊಂದು ನಾಗಿನಿ, ಸಾಯಿ ರೋಪಾ ದಾಟಿ ಗುಶೈನಿಗೆ. ನೀವು ಹಿಡಿಯಬೇಕಾದ್ದು ಗುಶೈನಿ ದಾರಿ. ಕೈಗೆ ಬೇಕಾದ ನಗದನ್ನು ಬಂಜಾರ್‌ನಲ್ಲೇ ತೆಗೆದುಕೊಳ್ಳಿ. ಮೇಲಕ್ಕೆ ಹೋದಂತೆ ಫೋನ್ ಸಿಗ್ನಲ್‌ಗೂ ಗ್ಯಾರಂಟಿ ಇಲ್ಲ.

ಲೈಸೆನ್ಸ್ ಇಲ್ಲದೆ ರಾಡ್ ಬಿಚ್ಚಲೇಬೇಡಿ. ಅದನ್ನು ಕೊಡುವುದು ರಾಜ್ಯದ ಮೀನುಗಾರಿಕೆ ಇಲಾಖೆ. ರೂಮ್ ಬುಕ್ ಮಾಡುವಾಗಲೇ ಹೋಂಸ್ಟೇಯವರಿಗೆ ಹೇಳಿದರೆ ಎಲ್ಲಿ ಮಾಡಿಸಬೇಕು, ಯಾವ ಕಾಗದ ಬೇಕು ಅಂತ ತಿಳಿಸುತ್ತಾರೆ. ಎಷ್ಟು ಮೀನು, ಎಷ್ಟುದ್ದದ್ದು ಅನ್ನುವ ಷರತ್ತುಗಳನ್ನು ಓದಿಕೊಳ್ಳಿ. ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್‌ಗೆ ಬೇರೆಯೇ ಪರವಾನಗಿ, ಬೇರೆಯೇ ನಿಯಮ. 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಾಡು ಅದು. ಗಾಳದ ಚೀಲ ರೂಮಲ್ಲೇ ಇಟ್ಟು ಸುಮ್ನೆ ನಡೆದು ಬರೋಕೆ ಹೋಗಿ.

ಈಗ ಮುಖ್ಯ ವಿಷಯ. ಹೆಚ್ಚಿನವರು ಗುಶೈನಿಯಲ್ಲಿ ಇಳಿದು, ಹೋಂಸ್ಟೇ ಮುಂದಿನ ದೊಡ್ಡ ಹೊಳೆಗೇ ಗಾಳ ಹಾಕಿ, ಅಲ್ಲೇ ದಿನ ಕಳೆಯುತ್ತಾರೆ. ಆ ಮಡುಗಳಿಗೆ ಬೆಳಗಾದರೆ ಯಾರಾದರೂ ಸ್ಪಿನ್ನರ್ (ನೀರಲ್ಲಿ ತಿರುಗಿ ಹೊಳೆಯುವ ಲೋಹದ ಗಾಳ) ಎಸೆಯುತ್ತಲೇ ಇರುತ್ತಾರೆ. ಅಲ್ಲಿನ ಮೀನು ಅದನ್ನೆಲ್ಲ ಕಂಡಿದೆ. ಗುಶೈನಿಯಲ್ಲೇ ತೀರ್ಥನ್ ಸೇರುವ ಫಲಾಚನ್ ಅಂತ ಒಂದು ಹಳ್ಳ ಇದೆ, ಬಠಾಡ್ ಕಡೆಯಿಂದ ಇಳಿದು ಬರುತ್ತದೆ. ಫ್ಲೈ ಅಂದರೆ ಕೊಕ್ಕೆಗೆ ಗರಿ, ಕೂದಲು ಸುತ್ತಿ ಹುಳುವಿನಂತೆ ಮಾಡಿದ ಗಾಳ. ಅದನ್ನು ಎಸೆಯುವ ಫ್ಲೈ ರಾಡ್ ಇದ್ದವರಿಗೆ ಈ ಹಳ್ಳವೇ ಸರಿ. ಬಂಡೆಯಿಂದ ಬಂಡೆಗೆ ಮೆಟ್ಟಿಲಾಗಿ ಇಳಿಯುವ ನೀರು. ಪ್ರತಿ ಮೆಟ್ಟಿಲಿನ ಕೆಳಗೆ ಒಂದು ಪುಟ್ಟ ಮಡು. ಮೀನು ಚಿಕ್ಕದು, ಅಂಗೈಯಿಂದ ಮೊಣಕೈವರೆಗೆ ಬಂದರೆ ದೊಡ್ಡದೇ ಅನ್ನಿ. ದೊಡ್ಡ ಮೀನಿನ ಜೊತೆ ಫೋಟೋ ಬೇಕು ಅನ್ನುವವರಿಗೆ ಈ ಹಳ್ಳ ಅಲ್ಲ.

ರಾಡ್ ಏಳು, ಏಳೂವರೆ ಅಡಿಯದ್ದು, ಮೂರು ಅಥವಾ ನಾಲ್ಕು ವೆಯ್ಟ್ (ಹಗುರ ಲೈನಿಗೆ ಹೊಂದುವ ಅಳತೆ) ಸಾಕು. ಒಂಬತ್ತು ಅಡಿಯದ್ದು ತಂದರೆ ಪೂರ್ತಿ ದಿನ ಮರದ ಕೊಂಬೆಯ ಜೊತೆ ಜಗಳ. ಲೀಡರ್, ಅಂದರೆ ಲೈನಿನ ತುದಿಗೆ ಕಟ್ಟುವ ತೆಳು ದಾರ, ಏಳೂವರೆ ಅಡಿ. ಅದರ ತುದಿಗೆ ಇನ್ನೂ ತೆಳುವಾದ 5ಎಕ್ಸ್ ಅಳತೆಯ ಟಿಪ್ಪೆಟ್ ದಾರ. ಫ್ಲೈ ಜಾಸ್ತಿ ಬೇಡ. ತೇಲುವುದಕ್ಕೆ ಆಡಮ್ಸ್, ಎಲ್ಕ್ ಹೇರ್ ಕ್ಯಾಡಿಸ್. ಮುಳುಗುವುದಕ್ಕೆ ಫೆಸೆಂಟ್ ಟೇಲ್, ಹೇರ್ಸ್ ಇಯರ್. ಕೊಕ್ಕೆಯ ಸೈಜ್ 14ರಿಂದ 18. ಇದರ ಜೊತೆ ಎರಡು ಮಿಡತೆ ಫ್ಲೈ ಮರೆಯದೆ ಇಟ್ಟುಕೊಳ್ಳಿ. ಆ ಹೊತ್ತಿಗೆ ಊರಿನವರು ಚಳಿಗಾಲದ ಮೇವಿಗೆ ಅಂತ ಇಳಿಜಾರಿನ ಹುಲ್ಲು ಕೊಯ್ಯುತ್ತಿರುತ್ತಾರೆ. ಕುಡುಗೋಲು ಆಡಿದ ಕಡೆಯಿಂದ ಮಿಡತೆಗಳು ಹಾರಿ ನೀರಿಗೆ ಬೀಳುತ್ತವೆ, ಕೆಳಗೆ ಟ್ರೌಟ್ ಕಾದಿರುತ್ತದೆ. ಹುಲ್ಲು ಕೊಯ್ಯುವ ಜಾಗದ ಕೆಳಗಿನ ಮಡು ಸಿಕ್ಕರೆ ಬಿಡಬೇಡಿ. ಫ್ಲೈ ಸಾಮಾನು ಅಲ್ಲೇ ಸಿಗುತ್ತದೆ ಅಂತ ನಂಬಿಕೊಂಡು ಬರಿಗೈಲಿ ಹೋಗಬೇಡಿ, ಕಣಿವೆಯಲ್ಲಿ ಬಳಕೆ ಇರುವುದು ಸ್ಪಿನ್ನಿಂಗ್ ರಾಡ್. ವಿಮಾನದಲ್ಲಿ ರಾಡ್, ಕೊಕ್ಕೆ ಎಲ್ಲ ಚೆಕ್-ಇನ್ ಬ್ಯಾಗಿಗೆ.

ಬೆಳಿಗ್ಗೆ ಐದಕ್ಕೆ ಎದ್ದು ಹಳ್ಳಕ್ಕೆ ಓಡುವ ಅಗತ್ಯ ಇಲ್ಲ. ಇದು ಬೇಸಿಗೆಯಲ್ಲ. ಎತ್ತರದ ಗುಡ್ಡ ದಾಟಿ ಬಿಸಿಲು ನೀರಿಗೆ ಬೀಳೋಕೆ ಒಂಬತ್ತೂವರೆ, ಹತ್ತು ಆಗುತ್ತದೆ. ಅಲ್ಲಿಯವರೆಗೆ ನೀರು ತಣ್ಣಗೆ, ಹುಳು ಇಲ್ಲ, ಮೀನಿಗೂ ಮೈ ಭಾರ. ನೀರು ಹತ್ತು ಡಿಗ್ರಿ ದಾಟಿದ ಮೇಲೆ ಅದಕ್ಕೆ ಹಸಿವು. ಆರಾಮಾಗಿ ತಿಂಡಿ ತಿಂದು, ಚಹಾ ಕುಡಿದು ಹೊರಡಿ. ಹತ್ತರಿಂದ ಮೂರರವರೆಗೆ ಒಳ್ಳೆಯ ಸಮಯ. ಬಿಸಿಲು ಗುಡ್ಡದ ಹಿಂದೆ ಸರಿದ ತಕ್ಷಣ ಚಳಿ, ಆಗ ಸ್ವೆಟರ್ ಇಲ್ಲದಿದ್ದರೆ ಮೀನಿನ ಆಸೆಯೂ ಹೋಗುತ್ತದೆ.

ಸಣ್ಣ ಹಳ್ಳದಲ್ಲಿ ಗಾಳ ಎಸೆಯುವ ಕೈಚಳಕಕ್ಕಿಂತ ಕಣ್ಣಿಗೆ ಬೀಳದೆ ಹೋಗುವುದೇ ದೊಡ್ಡ ವಿದ್ಯೆ. ಮಳೆ ನಿಂತು ನೀರು ಇಳಿದಿರುತ್ತದೆ, ತಳದ ಒಂದೊಂದು ಕಲ್ಲೂ ಕಾಣುತ್ತದೆ. ನಮಗೆ ಮೀನು ಕಂಡರೆ ಮೀನಿಗೂ ನಾವು ಕಾಣುತ್ತೇವೆ, ಅಲ್ವಾ? ಟ್ರೌಟ್ ಯಾವಾಗಲೂ ಹರಿವಿಗೆ ಎದುರಾಗಿ ನಿಂತಿರುತ್ತದೆ, ಮೇಲಿಂದ ಬರುವ ಆಹಾರಕ್ಕೆ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಹತ್ತಬೇಕು, ಅದರ ಬೆನ್ನ ಹಿಂದೆ. ಬೂದಿ, ಕಂದು, ಹಸಿರು ಬಟ್ಟೆ. ನೆರಳು ಮಡುವಿನ ಮೇಲೆ ಬೀಳಬಾರದು. ಮಡು ಹತ್ತಿರ ಬಂದ ಮೇಲೆ ಕುಕ್ಕರಗಾಲಲ್ಲಿ ಕೂತೇ ಮುಂದೆ ಹೋಗಿ. ನಮ್ಮ ಜೊತೆ ಬಂದಿದ್ದ ಊರಿನ ಹುಡುಗ ಹೇಳುತ್ತಿದ್ದುದು ಒಂದೇ ಮಾತು, ‘ಧೀರೇ, ಭಾಯಿ, ಧೀರೇ’. ಮೂರು ಮಡುವಿಗೆ ಒಂದು ಗಂಟೆ ತೆಗೆದುಕೊಂಡರೂ ಅವನಿಗೆ ಅದು ಅವಸರವೇ.

ಒಂದು ಮಡು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಡಕ್ಕೆ ಬಂಡೆ, ಬಲಕ್ಕೆ ನೀರಿಗೆ ಬಾಗಿದ ಆಲ್ಡರ್ ಮರ, ನಡುವೆ ಸ್ನಾನದ ಟಬ್ಬಿಗಿಂತ ಸ್ವಲ್ಪ ದೊಡ್ಡ ಜಾಗ. ಹಿಂದೆ ಲೈನ್ ಬೀಸೋಕೆ ಜಾಗವೇ ಇಲ್ಲ. ಇಂಥ ಕಡೆ ಎಡಗೈ ಬೆರಳಲ್ಲಿ ಫ್ಲೈಯ ಕೊಕ್ಕೆಯ ಬಾಗನ್ನು ಹಿಡಿದು, ತುದಿ ಬೆರಳಿಗೆ ತಾಗದ ಹಾಗೆ ಎಳೆಯಬೇಕು. ರಾಡ್ ಬಿಲ್ಲಿನಂತೆ ಬಾಗುತ್ತದೆ. ಗುರಿ ಇಟ್ಟು ಬಿಟ್ಟರೆ ಫ್ಲೈ ಕೊಂಬೆಯ ಕೆಳಗಿಂದ ನೇರ ಹೋಗಿ ಬೀಳುತ್ತದೆ. ಹಾಗೇ ಬಿಟ್ಟೆ. ಫ್ಲೈ ನೊರೆಯ ಅಂಚಿಗೆ ಬಿದ್ದು ಒಂದು ಮೊಳ ತೇಲಿತು. ಬಂಡೆಯ ನೆರಳೇ ಅಲುಗಾಡಿದಂತೆ ಕಂಡಿತು. ಮೀನು ಮೇಲೆದ್ದು, ಫ್ಲೈಯ ಕೆಳಗೇ ಹಿಂದಕ್ಕೆ ತೇಲುತ್ತಾ, ಮೂಗು ತಾಗಿಸುವಷ್ಟು ಹತ್ತಿರ ಬಂದು ನೋಡಿತು. ಅಷ್ಟರಲ್ಲಿ ಹರಿವು ಲೈನನ್ನು ಹಿಡಿದೆಳೆಯಿತು, ಫ್ಲೈ ನೀರನ್ನು ಸೀಳಿಕೊಂಡು ಪಕ್ಕಕ್ಕೆ ಸರಿಯಿತು. ಮೀನು ಹಾಗೇ ತಳಕ್ಕಿಳಿಯಿತು. ಹುಳು ಹರಿವಿನ ಜೊತೆ ಸಾಗಬೇಕು, ಎಳೆದಂತೆ ಕಂಡರೆ ಟ್ರೌಟ್ ಮುಟ್ಟಲ್ಲ. ಆದ್ದರಿಂದ ಇಲ್ಲಿ ಲೈನ್ ಆದಷ್ಟು ಗಿಡ್ಡ ಇರಲಿ. ರಾಡ್ ಎತ್ತಿ ಹಿಡಿದು ಲೈನನ್ನು ನೀರಿನಿಂದ ಮೇಲಿಟ್ಟುಕೊಳ್ಳಿ, ಫ್ಲೈ ಮತ್ತು ಲೀಡರ್ ತುದಿ ಮಾತ್ರ ನೀರಲ್ಲಿರಲಿ. ಒಂದು ಮಡುವಿಗೆ ನಾಲ್ಕೈದು ಸಲ ಎಸೆದು ಏನೂ ಆಗದಿದ್ದರೆ ಮೇಲಿನದಕ್ಕೆ ಹೋಗಿ.

ಸಿಗುವುದು ಬ್ರೌನ್ ಟ್ರೌಟ್. ಇಲ್ಲಿಯದ್ದಲ್ಲ, ಬ್ರಿಟಿಷರು ಯುರೋಪಿನ ತಳಿಯನ್ನು ತಂದು 1909ರ ಹೊತ್ತಿಗೆ ಕುಲ್ಲು ಭಾಗದಲ್ಲಿ ಬೆಳೆಸೋಕೆ ಶುರು ಮಾಡಿದ್ದು. ಬೆಣ್ಣೆ ಬಣ್ಣದ ಹೊಟ್ಟೆ, ಬದಿಯಲ್ಲಿ ಕಪ್ಪು ಚುಕ್ಕೆ, ನಡುನಡುವೆ ಮಸುಕು ಉಂಗುರದೊಳಗಿನ ಕೆಂಪು ಚುಕ್ಕೆ. ಶರತ್ಕಾಲದಲ್ಲಿ ಗಂಡುಮೀನಿನ ಬಣ್ಣ ಇನ್ನೂ ಗಾಢ. ಹೊಳೆಯ ಕೆಳಭಾಗದಲ್ಲಿ ಬಾಯಿ ತಲೆಯ ಅಡಿಗಿರುವ ಬೂದು ಮೀನು ಬಂದರೆ ಅದು ಸ್ನೋ ಟ್ರೌಟ್, ಕಾರ್ಪ್ ಜಾತಿಗೆ ಸೇರಿದ್ದು, ಹಿಮಾಲಯದ ಮೂಲ ನಿವಾಸಿ. ಅದನ್ನಂತೂ ಮರಳಿ ಬಿಟ್ಟುಬಿಡಿ.

ಅಕ್ಟೋಬರ್ ಕಳೆಯುತ್ತಾ ಬಂದಂತೆ ಕಾಲಿಡುವ ಕಡೆ ಕಣ್ಣಿರಲಿ. ಮಡುವಿನ ಕೊನೆಯಲ್ಲಿ, ಆಳ ಕಡಿಮೆಯಾಗಿ ಜಲ್ಲಿ ಕಾಣುವ ಜಾಗದಲ್ಲಿ, ಮೊರದಷ್ಟಗಲ ಒಂದು ತೇಪೆ ಸುತ್ತಲಿನ ಪಾಚಿಗಲ್ಲಿಗಿಂತ ಬೆಳ್ಳಗೆ ಕಾಣಬಹುದು. ಹೆಣ್ಣುಮೀನು ಬಾಲದಿಂದ ಜಲ್ಲಿ ಕೆದಕಿ ಮೊಟ್ಟೆ ಇಟ್ಟ ಗೂಡು ಅದು. ಒಂದು ಹೆಜ್ಜೆ ಇಟ್ಟರೆ ಅಷ್ಟೂ ಮೊಟ್ಟೆ ಹಾಳು. ಅದರ ಮೇಲೆ ಜೋಡಿ ನಿಂತಿದ್ದರೆ ಫ್ಲೈ ಎಸೆಯಲೂಬೇಡಿ. ನಿಷೇಧದ ತಾರೀಖು ಇನ್ನೂ ಬಂದಿಲ್ಲ ಅನ್ನುವುದು ನೆಪ ಅಷ್ಟೆ. ತಿಂಗಳ ಕೊನೆ ಬಿಟ್ಟು ಮೊದಲ ಎರಡು ವಾರ ಅಂತ ನಾನು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಹಿಡಿದ ಮೀನನ್ನು ಬಿಡುವುದೇ ವಾಸಿ. ಕೊಕ್ಕೆಯ ತುದಿಯ ಹಿಂದೆ ಚಾಚಿರುವ ಪುಟ್ಟ ಮುಳ್ಳನ್ನು ಮೊದಲೇ ಪ್ಲಯರ್‌ನಲ್ಲಿ ಒತ್ತಿ ಚಪ್ಪಟೆ ಮಾಡಿಟ್ಟುಕೊಳ್ಳಿ, ಸಲೀಸಾಗಿ ಕಳಚುತ್ತದೆ. ಮುಟ್ಟುವ ಮುಂಚೆ ಕೈ ಒದ್ದೆ ಮಾಡಿ, ಕಿವಿರಿಗೆ ಬೆರಳು ಹಾಕಬೇಡಿ. ಟ್ರೌಟ್ ತಿನ್ನುವ ಆಸೆ ಇದ್ದರೆ ಚಿಂತೆ ಬೇಡ. ಕಣಿವೆಯಲ್ಲಿ ರೇನ್‌ಬೋ ಟ್ರೌಟ್ ಸಾಕುವ ತೊಟ್ಟಿಗಳಿವೆ, ಹೋಂಸ್ಟೇಯಲ್ಲಿ ಮುಂಚೆಯೇ ಹೇಳಿದರೆ ತಂದು ಹುರಿದು ಕೊಡುತ್ತಾರೆ.

ಇನ್ನು ಕಾಲಿನ ವಿಷಯ. ಆ ಬಂಡೆಗಳ ಮೇಲಿನ ಪಾಚಿ ಎಣ್ಣೆ ಹಚ್ಚಿದಷ್ಟು ಜಾರುತ್ತದೆ. ಓಡುವ ಶೂ ಬೇಡ, ನೀರಲ್ಲಿ ನಡೆಯೋಕೆ ಹಿಡಿತ ಇರುವ ವೇಡಿಂಗ್ ಬೂಟ್ ಮತ್ತು ಒಂದು ಊರುಗೋಲು ಬೇಕೇ ಬೇಕು. ಪೋಲರೈಸ್ಡ್ ಕನ್ನಡಕ ಹಾಕಿಕೊಂಡರೆ ನೀರಿನ ಹೊಳಪು ಹೋಗಿ ಮೀನೂ ಕಾಣುತ್ತದೆ, ಹೆಜ್ಜೆಯೂ ಕಾಣುತ್ತದೆ. ತೊಡೆಗಿಂತ ಆಳ ಇದ್ದರೆ ದಾಟಬೇಡಿ, ಸುತ್ತಿ ಹೋಗಿ. ಒಬ್ಬರೇ ಹೋಗಬೇಡಿ, ಊರಿನವರೊಬ್ಬರನ್ನು ಕರೆದುಕೊಳ್ಳಿ. 2023ರ ಜುಲೈನಂಥ ಪ್ರವಾಹ ಬಂದಾಗ ಹೊಳೆಯ ಪಾತ್ರವೇ ಬದಲಾಗುತ್ತದೆ. ಹಳೆಯ ವಿಡಿಯೋದಲ್ಲಿ ನೋಡಿದ ಮಡು ಈಗ ಇರುತ್ತದೆ ಅಂತ ಹೇಳೋಕಾಗಲ್ಲ. ಈ ವರ್ಷ ನೀರು ಎಲ್ಲಿ ನಿಂತಿದೆ ಅನ್ನುವುದು ಊರಿನವರಿಗೇ ಗೊತ್ತು. ಅವರ ದಿನದ ಕೂಲಿ ಎಷ್ಟು, ಊಟ ಅದರಲ್ಲಿ ಸೇರಿದೆಯೋ ಇಲ್ಲವೋ ಅನ್ನುವುದನ್ನು ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಿ.